ಕಲ್ಲಿನ ತಳದಲ್ಲಿ ಉಳಿದವಳು: ಠಾಣೆಯ ಶಿಲಾಹಾರರ ಕತ್ತೆಶಾಪದ ಮರುಓದು

1

ಮುಂಬಯಿಯ ಪರೇಲಿನ ಶಿಲಾಶಾಸನವನ್ನು ಮರಾಠಿಯವರೂ ಓದಿದ್ದಾರೆ, ಕನ್ನಡದವರೂ ಓದಿದ್ದಾರೆ. ಆದರೆ ಅದರ ಅತ್ಯಂತ ಕಠೋರವಾದ ಒಂದು ವಾಕ್ಯದ ಅರ್ಥಕ್ಕೆ ಇಬ್ಬರೂ ಮುಖ ಕೊಟ್ಟಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಶ್ರೀಸ್ಥಾನಕದಿಂದ, ಅಂದರೆ ಇಂದಿನ ಠಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರಲ್ಲಿ ಎರಡನೆಯ ಅಪರಾದಿತ್ಯನ ಕಾಲದ್ದು ಈ ಶಾಸನ. ಶಕ 1108, ಕ್ರಿ.ಶ. 1187. ಸಾಷ್ಟಿಯ, ಅಂದರೆ ಸಾಲ್ಸೆಟ್ ದ್ವೀಪದ, ಒಂದು ತೋಟದ ಉತ್ಪನ್ನದಿಂದ ವೈದ್ಯನಾಥ ದೇವರ ಪೂಜೆಗೆ ಹಣ ಬಿಟ್ಟುಕೊಟ್ಟ ದಾಖಲೆ. ಬಹುಭಾಗ ಸಂಸ್ಕೃತ; ಕೊನೆಯ ಶಾಪದ ಸಾಲುಗಳು ಮಾತ್ರ ಹಳೆಯ ಮರಾಠಿ. ಮರಾಠಿ ಭಾಷೆಯ ಚರಿತ್ರೆ ಬರೆದವರಿಗೆ ಈ ಸಾಲುಗಳು ನಿಧಿಯಾದವು. ಸರ್ವನಾಮ ಯಾವ ರೂಪದಲ್ಲಿದೆ, ಷಷ್ಠಿ ವಿಭಕ್ತಿಯ ಪ್ರತ್ಯಯ ಹೇಗಿದೆ, ಕ್ರಿಯಾಪದದ ಅಂತ್ಯವೇನು ಎಂದು ಅಕ್ಷರ ಅಕ್ಷರ ಬಿಡಿಸಿದರು. ಅದು ಆಗಬೇಕಾದ ಕೆಲಸವೇ. ನಾನದನ್ನು ಕೃತಜ್ಞತೆಯಿಂದ ಬಳಸುತ್ತೇನೆ.

ಕನ್ನಡದವರು ಈ ಮನೆತನದ ದಾಖಲೆಗಳಿಗೆ ಬಂದದ್ದು ಬೇರೆ ದಾರಿಯಿಂದ. ಠಾಣೆಯ ಅರಸರ ಸಂಸ್ಕೃತ ತಾಮ್ರಪಟಗಳ ನಡುವೆ ‘ಮಲಗಲಗಂಡ’, ‘ನನ್ನಿಸಮುದ್ರ’ದಂಥ ಬಿರುದುಗಳಿವೆ. ‘ನನ್ನಿ’ ಎಂದರೆ ಸತ್ಯ ಎಂದು ಯಾವ ಕನ್ನಡಿಗನಿಗೂ ಹೇಳಿಕೊಡಬೇಕಿಲ್ಲ. ಇತಿಹಾಸಕಾರ ಅ. ಸ. ಅಳ್ತೇಕರ ಅವರು ಶಿಲಾಹಾರರ ಮನೆಮಾತು ಕನ್ನಡವಾಗಿದ್ದಿರಬೇಕು ಎಂದದ್ದು ಇಂಥ ಬಿರುದುಗಳ ಬಲದಿಂದಲೇ. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಗುರುತುಗಳನ್ನು ಊರ ಹೆಸರುಗಳ ಮೂಲಕ ಹಿಂಬಾಲಿಸಿದ ಶಂ. ಬಾ. ಜೋಶಿ ನನ್ನ ಪಾಲಿಗೆ ಗುರುಸ್ಥಾನದಲ್ಲಿರುವವರು. ಅವರು ತೆರೆದ ದಾರಿ ಇಲ್ಲದಿದ್ದರೆ ಡೊಂಬಿವಲಿಯಲ್ಲಿ ಕುಳಿತು ನಾನು ಶಿಲಾಹಾರರನ್ನು ಓದುತ್ತಲೇ ಇರಲಿಲ್ಲ. ಆದರೆ ಅವರ ಹೆಸರು ಹೇಳಿಕೊಂಡು ನಾವು, ಮುಂಬಯಿ ಭಾಗದ ಕನ್ನಡಿಗರು, ಮಾಡಿದ್ದೇನು? ಬಿರುದುಗಳನ್ನು ಪಟ್ಟಿ ಮಾಡಿ ನಾಡಹಬ್ಬದ ಭಾಷಣಕ್ಕೆ ಒದಗಿಸಿದ್ದೇವೆ. ಠಾಣೆಯ ಅರಸನೂ ‘ಗಂಡ’ ಎಂದು ಕರೆಸಿಕೊಂಡ ಎಂಬುದು ನಮಗೆ ಸಾಕಾಯಿತು.

ಮರಾಠಿಯ ಅತಿ ಹಳೆಯ ವಾಕ್ಯಗಳಲ್ಲಿ ಒಂದು ಎಂದು ಮರಾಠಿಯವರು ಹೆಮ್ಮೆಪಟ್ಟ ಆ ಸಾಲು ಏನು ಹೇಳುತ್ತದೆ? ಈ ಶಾಸನವನ್ನು ಯಾವನು ಅಳಿಸುತ್ತಾನೋ ಅವನ ಮೇಲೆ, ಅವನ ಕುಟುಂಬದ ಸಮೇತ, ವೈದ್ಯನಾಥ ದೇವರ ಈಟಿ ಬೀಳಲಿ. ಆಮೇಲೆ: ಅವನ ತಾಯಿಯನ್ನು ಕತ್ತೆ ಕೂಡಲಿ. ‘ಕೂಡಲಿ’ ಎಂಬುದು ನಾನು ಹೊದಿಸಿದ ಮರ್ಯಾದೆ. ಮೂಲದ ಕ್ರಿಯಾಪದಕ್ಕೆ ಅಂಥ ಮುಸುಕಿಲ್ಲ. ಕಲ್ಯಾಣ-ಶಿಳ್ ರಸ್ತೆಯಲ್ಲಿ ಎರಡು ಗಾಡಿ ತಗುಲಿ ಜಗಳ ಹತ್ತಿದಾಗ ಇಂದಿಗೂ ಕಿವಿಗೆ ಬೀಳುವ ಕ್ರಿಯಾಪದ ಅದೇ.

ಡೊಂಬಿವಲಿಯಿಂದ ಐದನೆಯ ಸ್ಟೇಷನ್ ಅಂಬರನಾಥ. ಅಲ್ಲಿನ ಶಿವಾಲಯದ ಶಾಸನದ ವರ್ಷವನ್ನು ಡಾ. ಭಾವು ದಾಜಿ ಶಕ 782 ಎಂದು ಓದಿದ್ದರು. ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅದನ್ನು 982 ಎಂದು ತಿದ್ದಿದರು. ಒಂದು ಅಂಕೆಯ ಓದಿನಿಂದ ದೇವಾಲಯ ಇನ್ನೂರು ವರ್ಷ ಈಚೆಗೆ ಬಂತು. ಶಿಲಾಹಾರ ಮುಮ್ಮುಣಿಯ ಕಾಲಕ್ಕೆ, ಕ್ರಿ.ಶ. 1060ರ ಆಸುಪಾಸಿಗೆ ನಿಂತಿತು. ಒಂದು ಅಂಕೆಗಾಗಿ ಅಷ್ಟು ಶ್ರಮಪಟ್ಟ ವಿದ್ವತ್ತಿನ ಪರಂಪರೆ ನಮ್ಮದು. ಅದೇ ಪರಂಪರೆ ಇಂಥ ಶಾಪದ ಕಲ್ಲುಗಳ ತಳದಲ್ಲಿ ಕೆತ್ತಿರುವ ಹೆಂಗಸು ಯಾರು ಎಂಬ ಪ್ರಶ್ನೆಗೆ ಅರ್ಧ ಪುಟವನ್ನೂ ಧಾರಾಳವಾಗಿ ಕೊಡಲಿಲ್ಲ. ಕೊಟ್ಟಾಗಲೂ ಬಂದ ಉತ್ತರ ನನಗೆ ಒಪ್ಪಿಗೆಯಾಗಿಲ್ಲ.

2

ಇಂಥ ಕಲ್ಲಿಗೆ ಮರಾಠಿಯಲ್ಲಿ ‘ಗಧೇಗಾಳ’ ಎನ್ನುತ್ತಾರೆ: ಕತ್ತೆಯ ಬೈಗುಳ. ಉತ್ತರ ಕೊಂಕಣದ ಉದ್ದಕ್ಕೂ ಇವು ಸಿಕ್ಕಿವೆ. ಘಟ್ಟದ ಮೇಲೂ, ಗೋವೆಯ ಕಡೆಯೂ ಇವೆ. ವಿನ್ಯಾಸ ಸಾಮಾನ್ಯವಾಗಿ ಒಂದೇ. ಮೇಲೆ ಸೂರ್ಯ, ಚಂದ್ರ, ನಡುವೆ ಕಲಶ: ಸೂರ್ಯಚಂದ್ರರಿರುವ ತನಕ ಈ ದತ್ತಿ ಇರಲಿ ಎಂದು. ನಡುವಿನ ಪಟ್ಟಿಕೆಯಲ್ಲಿ ಬರಹ; ಎಷ್ಟೋ ಕಲ್ಲುಗಳಲ್ಲಿ ಬರಹವೇ ಇಲ್ಲ. ತಳದ ಪಟ್ಟಿಕೆಯಲ್ಲಿ ನೆಲಕ್ಕೊತ್ತಿದ ಒಬ್ಬ ಹೆಂಗಸು, ಅವಳ ಮೇಲೆ ಕತ್ತೆ.

ಭಿವಂಡಿ ಕಡೆಯ ಒಂದು ಊರಿನಲ್ಲಿ ನಾನು ನೋಡಿದ ಕಲ್ಲನ್ನು ಇಲ್ಲಿ ಹೇಳಬೇಕು. ಭತ್ತದ ಗದ್ದೆಯ ಬದುವಿನಲ್ಲಿ, ಸೊಂಟದೆತ್ತರಕ್ಕೆ ನಿಂತಿತ್ತು. ಮೇಲಿನ ಸೂರ್ಯಚಂದ್ರರಿಗೆ ಕುಂಕುಮ ಮೆತ್ತಿ ಮೆತ್ತಿ ಅಂಚು ಕಾಣದಾಗಿತ್ತು. ಬರಹದ ಜಾಗ ಸವೆದು ನುಣುಪಾಗಿತ್ತು. ತಳಭಾಗ ಅರ್ಧ ಕೆಸರಿನಲ್ಲಿ ಹೂತಿತ್ತು. ಕೈಯಿಂದ ಮಣ್ಣು ಸರಿಸಿದಾಗ ಮೊದಲು ಕಂಡದ್ದು ಕತ್ತೆಯ ಮುಂಗಾಲು. ಆಮೇಲೆ ಒಂದು ತುರುಬು. ತುರುಬಿನ ಕೆಳಗೆ ಬಳೆ ತೊಟ್ಟ ಒಂದು ಕೈ, ನೆಲಕ್ಕೆ ಊರಿದ ಹಾಗೆ. ಶಿಲ್ಪಿ ಮುಖಕ್ಕೆ ಕಣ್ಣು ಮೂಗು ಕೊರೆದಿರಲಿಲ್ಲ. ಬಳೆಗಳನ್ನು ಮಾತ್ರ ಎಣಿಸಬಹುದಾಗಿತ್ತು, ಮೂರು ಗೆರೆ. ನಾಟಿ ಮುಗಿಸಿ ಬರುತ್ತಿದ್ದ ಒಬ್ಬ ಅಜ್ಜಿಯನ್ನು ಇದು ಯಾರು ಎಂದು ಕೇಳಿದೆ. ಕಲ್ಲಿನ ಮೇಲ್ಭಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಕೆ ಅಂದದ್ದು ಒಂದೇ ಮಾತು: “ಆಯಿ.” ತಾಯಿ. ಕೆಳಗಿನ ಚಿತ್ರವನ್ನು ತೋರಿಸಿ ಮತ್ತೆ ಕೇಳಿದೆ. ಆಕೆ ಅದನ್ನು ನೋಡಲಿಲ್ಲ; ಕಾಲಿನಿಂದ ಮಣ್ಣನ್ನು ಮೊದಲಿನಂತೆ ಸರಿಸಿ ಮುಚ್ಚಿದರು.

ಬಳೆ ತೊಟ್ಟ ಕೈ ಕನ್ನಡ ನಾಡಿನ ಕಲ್ಲುಗಳಲ್ಲಿ ನಾವು ಚೆನ್ನಾಗಿ ಬಲ್ಲ ಚಿತ್ರ. ಮಾಸ್ತಿಕಲ್ಲಿನಲ್ಲಿ ಗಂಡನ ಚಿತೆ ಏರಿದವಳ ಗುರುತಾಗಿ ಎತ್ತಿ ನಿಂತಿರುವುದು ಅದೇ ಕೈ. ಅಲ್ಲಿ ಪೂಜೆಗೆ ಎತ್ತಿದ ಕೈ, ಇಲ್ಲಿ ನೆಲಕ್ಕೆ ಊರಿದ ಕೈ. ಎರಡು ಕಡೆಯೂ ಹೆಣ್ಣು ಕಲ್ಲಿನ ಮೇಲೆ ಬಂದದ್ದು ಒಬ್ಬ ಗಂಡಸಿನ ಕೀರ್ತಿ ಅಥವಾ ಅಪರಾಧದ ಲೆಕ್ಕಕ್ಕಾಗಿ.

3

ಈಗ ವಿವಾದಕ್ಕೆ ಬರುತ್ತೇನೆ. ಈಚೆಗೆ ಉಪನ್ಯಾಸಗಳಲ್ಲಿ, ಚರಿತ್ರೆಯ ನಡಿಗೆಗಳಲ್ಲಿ, ಜನಪ್ರಿಯ ಲೇಖನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ವಿವರಣೆ ಇದು: ಕಲ್ಲಿನ ಮೇಲಿರುವ ಹೆಂಗಸು ಭೂಮಿ, ಕತ್ತೆ ಬಂಜೆತನದ ಸಂಕೇತ, ದತ್ತಿಯನ್ನು ಕೆಡಿಸಿದವನ ಭೂಮಿ ಬರಡಾಗಲಿ ಎಂಬುದೇ ಶಾಪದ ಅರ್ಥ. ಕೇಳಲು ಹಿತವಾದ ವಿವರಣೆ. ಮಕ್ಕಳ ಮುಂದೆ, ಮಹಿಳೆಯರ ಮುಂದೆ ಹೇಳಬಹುದಾದ ವಿವರಣೆ. ಅದನ್ನು ಹೇಳುವವರಲ್ಲಿ ನಾನು ಗೌರವಿಸುವವರೂ ಇದ್ದಾರೆ. ಆದ್ದರಿಂದ ಅವರ ಪರವಾದ ಸಾಕ್ಷ್ಯವನ್ನು ಮೊದಲು, ಪೂರ್ತಿ ಬಲದೊಂದಿಗೇ ಇಡುತ್ತೇನೆ.

ಕತ್ತೆ ಕಟ್ಟಿ ನೆಲ ಉಳುವುದು ಈ ಉಪಖಂಡದಲ್ಲಿ ಬಹಳ ಹಳೆಯ ಅಪಮಾನ. ಕಳಿಂಗದ ಖಾರವೇಲ ಪಿಥುಂಡ ನಗರವನ್ನು ಕತ್ತೆಯ ನೇಗಿಲಿನಿಂದ ಉಳುಮೆ ಮಾಡಿಸಿದನೆಂದು ಹಾಥಿಗುಂಫಾ ಶಾಸನ ಹೇಳುತ್ತದೆ. ತಮಿಳಿನ ಪುರನಾನೂರಿನಲ್ಲಿ ಪಾಂಡ್ಯ ಮುದುಕುಡುಮಿ ಪೆರುವಳುದಿಯನ್ನು ಶತ್ರುಗಳ ಕೋಟೆಯ ನೆಲವನ್ನು ಕತ್ತೆಗಳಿಂದ ಉತ್ತವನು ಎಂದು ಹೊಗಳಲಾಗಿದೆ. ಸುಮಾರು 1630ರಲ್ಲಿ ಬಿಜಾಪುರದ ಮುರಾರ ಜಗದೇವ ಪುಣೆಯನ್ನು ಸುಟ್ಟು ಕತ್ತೆಯ ನೇಗಿಲು ಹೊಡೆಸಿದ್ದು, ಆಮೇಲೆ ಜೀಜಾಬಾಯಿಯ ಕಾಲದಲ್ಲಿ ಅದೇ ನೆಲಕ್ಕೆ ಚಿನ್ನದ ನೇಗಿಲು ಹೂಡಿದ ಕಥೆ ಮರಾಠಿ ಮಕ್ಕಳಿಗೆಲ್ಲ ಗೊತ್ತು. ಇನ್ನು, ಅರಸ ಭೂಮಿಯ ಗಂಡ ಎಂಬ ಕಲ್ಪನೆಯಂತೂ ನಮ್ಮ ಮನೆಯದೇ: ಬಾದಾಮಿಯ ಚಾಲುಕ್ಯರೂ ರಾಷ್ಟ್ರಕೂಟರೂ ‘ಪೃಥ್ವೀವಲ್ಲಭ’ರು. ಭೂಮಿ ಹೆಣ್ಣು, ಅರಸ ಗಂಡ, ಕತ್ತೆ ನೆಲ ಕೆಡಿಸುವ ಪ್ರಾಣಿ. ಮೂರನ್ನೂ ಕೂಡಿಸಿದರೆ ವಿವರಣೆ ಸಿದ್ಧ. ಜೊತೆಗೆ ಭಿವಂಡಿಯ ಅಜ್ಜಿಯಂಥವರು ಇಂಥ ಕಲ್ಲುಗಳಿಗೆ ಹೂ ಇಡುತ್ತಾರೆ. ಹೆಂಗಸು ದೇವಿಯಲ್ಲದಿದ್ದರೆ ಜನ ಪೂಜಿಸುತ್ತಿದ್ದರೇ ಎಂದು ಕೇಳುತ್ತಾರೆ.

ಈ ಕಟ್ಟಡಕ್ಕೆ ನನ್ನ ಆಕ್ಷೇಪ ನಾಲ್ಕು.

ಒಂದನೆಯದು, ಬರಹ. ಚಿತ್ರ ಒಂದನ್ನೇ ನೋಡಿದರೆ ಹೆಂಗಸು ಯಾರಾದರೂ ಆಗಬಹುದು. ಆದರೆ ಪರೇಲಿನ ಕಲ್ಲಿನಲ್ಲಿ ಶಾಪದ ಮಾತೇ ಉಳಿದಿದೆ. ಅಲ್ಲಿರುವ ಪದ ‘ತಾಯಿ’. ಅದರ ಹಿಂದೆ ‘ಅವನ’ ಎಂಬ ಷಷ್ಠಿ. ಭೂಮಿ, ಕ್ಷೇತ್ರ, ಹೊಲ ಎಂಬ ಒಂದು ಪದವೂ ಅಲ್ಲಿಲ್ಲ. ಆ ಷಷ್ಠಿಯ ಪ್ರತ್ಯಯವನ್ನು ವ್ಯಾಕರಣಕ್ಕಾಗಿ ಎತ್ತಿಕೊಂಡವರು ಅದು ಯಾವ ನಾಮಪದಕ್ಕೆ ಅಂಟಿದೆ ಎಂದು ನೋಡಲು ಹಿಂಜರಿದದ್ದೇಕೆ? ಬರಹವಿರುವ ಕಲ್ಲು ಬರಹವಿಲ್ಲದ ಕಲ್ಲಿಗೆ ವ್ಯಾಖ್ಯಾನವಾಗಬೇಕು. ಇಲ್ಲಿ ನಡೆದದ್ದು ತಿರುವುಮುರುವು: ಮೂಕ ಕಲ್ಲಿಗೆ ನಾವು ಹಚ್ಚಿದ ಅರ್ಥವನ್ನು ತಂದು ಮಾತಾಡುವ ಕಲ್ಲಿನ ಬಾಯಿ ಮುಚ್ಚಿಸಿದ್ದೇವೆ.

ಎರಡನೆಯದು, ದತ್ತಿಯ ತರ್ಕ. ಶಾಸನ ಕಾಪಾಡಲು ಹೊರಟಿರುವುದು ಒಂದು ನೆಲವನ್ನು ಅಥವಾ ಅದರ ಉತ್ಪನ್ನವನ್ನು. ಕಲ್ಲು ನಿಲ್ಲುವುದೂ ಆ ನೆಲದಲ್ಲೇ. ತಳದಲ್ಲಿ ಬಿದ್ದಿರುವವಳು ಭೂಮಿಯಾದರೆ, ಕೊಡುವವನು ತಾನು ಕೊಟ್ಟ ನೆಲದ ನಾಶವನ್ನೇ ಅದೇ ನೆಲದ ಗಡಿಯಲ್ಲಿ ಕೆತ್ತಿಸಿ ನಿಲ್ಲಿಸಿದ ಹಾಗಾಯಿತು. ಬೀಜ ಬಿತ್ತುವಾಗ ಬೆಳೆ ಸಾಯಲಿ ಎಂದು ಯಾವ ರೈತನೂ ಅನ್ನುವುದಿಲ್ಲ. ಅಪರಾಧಿಯ ಬೇರೆ ಹೊಲ ಬರಡಾಗಲಿ ಎಂದಿರಬಹುದಲ್ಲ ಎಂದು ಒಬ್ಬ ಮಿತ್ರರು ವಾದಿಸಿದರು. ಹಾಗಾದರೆ ಅದನ್ನು ಹೇಳುವ ಒಂದು ಮಾತಾದರೂ ಬರಹದಲ್ಲಿ ಬೇಕು. ನನ್ನ ಕಣ್ಣಿಗೆ ಬಿದ್ದಿಲ್ಲ.

ಮೂರನೆಯದು, ಕತ್ತೆಯ ನೇಗಿಲು. ಖಾರವೇಲ, ಮುದುಕುಡುಮಿ, ಮುರಾರ ಜಗದೇವ ಮೂವರೂ ಗೆದ್ದ ಮೇಲೆ ಒಂದು ಊರಿಗೆ ಮಾಡಿದ ಕೃತ್ಯವದು. ಶಾಪವಾದರೋ ಇನ್ನೂ ನಡೆಯದ ಅಪರಾಧಕ್ಕೆ, ಹೆಸರಿಲ್ಲದ ಒಬ್ಬ ವ್ಯಕ್ತಿಗೆ ಮುಂಚಿತವಾಗಿ ಹಾಕುವ ಬೆದರಿಕೆ. ಎರಡರಲ್ಲೂ ಕತ್ತೆ ಇದೆ ಎಂಬುದು ನಿಜ. ಕತ್ತೆ ಇದ್ದ ಮಾತ್ರಕ್ಕೆ ನೇಗಿಲೂ ಇದೆ ಎಂದು ಊಹಿಸಬೇಕಿಲ್ಲ. ಗಧೇಗಾಳದ ಶಿಲ್ಪಿಗೆ ನೇಗಿಲನ್ನು ಕೆತ್ತುವುದು ಕಷ್ಟವೇನಾಗಿರಲಿಲ್ಲ. ಅವನು ಕೆತ್ತಿದ್ದು ಬೇರೆಯದನ್ನೇ.

ನಾಲ್ಕನೆಯದು, ಪೂಜೆ. ಜನ ಪೂಜಿಸುತ್ತಾರೆ ಎಂಬುದು ಇಂದಿನ ಸಾಕ್ಷ್ಯ. ಅದರಿಂದ ಹನ್ನೆರಡನೆಯ ಶತಮಾನದ ಉದ್ದೇಶವನ್ನು ಹಿಂದಕ್ಕೆ ಓದಲಾಗದು. ನನಗೆ ಅಜ್ಜಿಯ ಮಾತು ಬೇರೆಯದನ್ನೇ ಹೇಳಿತು. ಎಂಟು ನೂರು ವರ್ಷದ ಹಿಂದಿನ ಬರಹದಲ್ಲಿರುವ ಪದವೂ ಆಕೆಯ ಬಾಯಿಗೆ ಬಂದ ಪದವೂ ಒಂದೇ: ತಾಯಿ. ಓದಲು ಬಾರದ ಆಕೆ ಪಂಡಿತರಿಗಿಂತ ಪಾಠಕ್ಕೆ ಹತ್ತಿರವಿದ್ದರು. ಆಕೆಯ ಕುಂಕುಮ, ಆಕೆ ಕಾಲಿನಿಂದ ಮುಚ್ಚಿದ ಮಣ್ಣು, ಒಂದು ಹಳೆಯ ಗಾಯಕ್ಕೆ ಊರ ಹೆಂಗಸರು ತಲೆಮಾರುಗಟ್ಟಲೆ ಹಾಕಿಕೊಂಡು ಬಂದ ಪಟ್ಟಿ ಎಂದೇ ನಾನು ತಿಳಿಯುತ್ತೇನೆ. ಇದು ನನ್ನ ಊಹೆ, ಸಾಕ್ಷ್ಯವಲ್ಲ. ಆದರೆ ಎದುರು ಪಕ್ಷದ ಊಹೆಗಿಂತ ಹಗುರವಾದದ್ದೇನೂ ಅಲ್ಲ.

ಒಂದು ಮಾತನ್ನು ಮಾತ್ರ ಅವರಿಗೆ ಬಿಟ್ಟುಕೊಡಬೇಕು. ಭೂಮಿಗೂ ಹೆಣ್ಣಿಗೂ ಈ ಕಲ್ಲಿನಲ್ಲಿ ಸಂಬಂಧವೇ ಇಲ್ಲ ಎಂದು ನಾನು ಹೇಳಲಾರೆ. ಸಂಬಂಧವಿದೆ, ಆದರೆ ಅದು ಸಂಕೇತದ ಸಂಬಂಧಕ್ಕಿಂತ ಗಟ್ಟಿಯಾದದ್ದು. ನಡುವಿನ ಪಟ್ಟಿಕೆಯಲ್ಲಿ ನೆಲ ಒಬ್ಬ ಗಂಡಸಿನಿಂದ ಇನ್ನೊಬ್ಬ ಗಂಡಸಿಗೆ ಹೋಗುತ್ತದೆ. ಆ ವ್ಯವಹಾರ ಮುರಿಯದಂತೆ ಒತ್ತೆ ಇಡಲು ತಳದ ಪಟ್ಟಿಕೆಗೆ ಒಬ್ಬ ಹೆಂಗಸನ್ನು ತರಲಾಗುತ್ತದೆ. ಭೂಮಿ, ಹೆಣ್ಣು ಇಬ್ಬರೂ ಒಂದೇ ಖಾತೆಯಲ್ಲಿದ್ದಾರೆ. ಅದಕ್ಕೇ ಮುಂದಿನ ಓದುಗರಿಗೆ ಒಬ್ಬಳನ್ನು ನೋಡಿದರೆ ಇನ್ನೊಬ್ಬಳು ಕಂಡದ್ದು.

4

ತಾಮ್ರಪಟವನ್ನೂ ಕಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 1787ರಲ್ಲಿ ಠಾಣೆಯ ಕೋಟೆಯ ಬಳಿ ನೆಲ ಅಗೆಯುವಾಗ ಶಿಲಾಹಾರ ಅರಸ ಅರಿಕೇಸರಿಯ ತಾಮ್ರಪಟ ಸಿಕ್ಕಿತು. ಶಕ 939, ಕ್ರಿ.ಶ. 1017. ಪಶ್ಚಿಮ ಭಾರತದ ಶಾಸನಗಳಲ್ಲಿ ಅಚ್ಚು ಕಂಡ ಮೊದಲಿನವುಗಳಲ್ಲಿ ಅದೊಂದು. ಶಕ 948ರ ಭಾಂಡುಪ್ ತಾಮ್ರಪಟದಲ್ಲಿ ಅದೇ ಮನೆತನದ ಛಿತ್ತರಾಜ ಸಾಷ್ಟಿಯ ಒಂದು ಹೊಲವನ್ನು ಬ್ರಾಹ್ಮಣನಿಗೆ ಕೊಡುತ್ತಾನೆ. ತಾಮ್ರಪಟಗಳ ಶಾಪಾಶಯ ಸಂಸ್ಕೃತದಲ್ಲಿ, ದೇಶಕ್ಕೆಲ್ಲ ಸಾಮಾನ್ಯವಾದ ಶ್ಲೋಕಗಳಲ್ಲಿ ಇರುತ್ತದೆ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಘೋರವೇ. ಆದರೆ ಹುಳುವಾಗುವವನು ಕಸಿದವನೇ; ಅವನ ತಾಯಿಯ ಸುದ್ದಿ ಅಲ್ಲಿಲ್ಲ. ಕನ್ನಡ ಶಾಸನಗಳ ಪ್ರಸಿದ್ಧ ಶಾಪವಾದ ವಾರಣಾಸಿಯಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪವೂ ತಗಲುವುದು ತಪ್ಪಿದವನಿಗೇ. (ನಮ್ಮ ಶಾಸನಗಳು ಶುಚಿಯಾಗಿವೆ ಎಂದು ಇದರ ಅರ್ಥವಲ್ಲ. ಈಚಿನ ಕಾಲದ ಕನ್ನಡ ಶಾಪಾಶಯಗಳಲ್ಲಿ ತಾಯಿ, ಹೆಂಡತಿಯರನ್ನು ಎಳೆದು ತರುವ ಮಾತುಗಳು ಬೇಕಾದಷ್ಟಿವೆ.)

ತಾಮ್ರಪಟ ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಓದುವವರು ಕರಣಿಕರು, ಪಂಡಿತರು. ಕಲ್ಲು ಊರ ಗಡಿಯಲ್ಲಿ, ನೀರು ತರುವ ದಾರಿಯಲ್ಲಿ ನಿಲ್ಲುತ್ತದೆ. ಬರೆದವನಿಗೆ ಗೊತ್ತು, ಇದನ್ನು ಓದುವವರು ಕಡಮೆ, ನೋಡುವವರು ಹೆಚ್ಚು. ಅದಕ್ಕೇ ಶಾಪ ಸಂಸ್ಕೃತ ಬಿಟ್ಟು ಆಡುಮಾತಿಗೆ ಇಳಿಯಿತು. ಆಡುಮಾತನ್ನೂ ದಾಟಿ ಚಿತ್ರವಾಯಿತು. ಇಳಿಯುವಾಗ ಶಿಕ್ಷೆಯ ಗುರಿ ಬದಲಾಯಿತು. ಪರೇಲಿನ ಬರಹದಲ್ಲಿ ಎರಡು ಶಾಪಗಳಿವೆ: ದೇವರ ಈಟಿ ಮತ್ತು ಕತ್ತೆ. ಈಟಿ ಕುಟುಂಬ ಸಮೇತ ಅಪರಾಧಿಯ ಮೇಲೆ ಬೀಳಬೇಕಾದದ್ದು. ಗಧೇಗಾಳ ಕಲ್ಲುಗಳ ತಳದಲ್ಲಿ ಈಟಿಯೂ ಇಲ್ಲ, ಈಟಿ ತಗುಲಿದ ಗಂಡಸೂ ಇಲ್ಲ. ಉಳಿಗೆ ಬೇಕಾದದ್ದು ತಾಯಿಯೇ. ತಪ್ಪು ಮಾಡಿದವನು ಚಿತ್ರದಿಂದ ಪೂರ್ತಿ ಹೊರಗಿದ್ದಾನೆ.

ಇದು ಲೋಕದಲ್ಲೆಲ್ಲ ಹೀಗೆಯೇ ಇರಬೇಕಿರಲಿಲ್ಲ ಎಂಬುದಕ್ಕೆ ದೂರದ ಒಂದು ಸಾಕ್ಷ್ಯವಿದೆ. ಈಜಿಪ್ಟಿನಲ್ಲಿ ಲಿಬಿಯ ಮೂಲದ ಅರಸರು ಆಳಿದ ಕಾಲದ, ಕ್ರಿ.ಪೂ. ಒಂದನೆಯ ಸಹಸ್ರಮಾನದ ಮೊದಲ ಶತಮಾನಗಳ ದತ್ತಿಕಲ್ಲುಗಳಲ್ಲೂ ಕತ್ತೆಶಾಪವಿದೆ. ಅಲ್ಲಿ ಕತ್ತೆ ಮೊದಲು ಕೂಡುವುದು ತಪ್ಪಿದವನನ್ನೇ. ಆಮೇಲೆ ಅವನ ಹೆಂಡತಿಯ ಸರದಿ. ಎರಡು ನಾಡುಗಳಿಗೆ ಕೊಡುಕೊಳೆಯಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಅವಸರ ನನಗೆ ಹಿಡಿಸದು. ಹೋಲಿಕೆಯಿಂದ ಕಲಿಯಬೇಕಾದದ್ದು ಇಷ್ಟು: ಅದೇ ಕತ್ತೆ, ಅದೇ ಭೂದತ್ತಿ, ಆದರೂ ಅಪಮಾನ ಅಪರಾಧಿಯ ಮೈಮೇಲೇ ಬೀಳುವ ಸಾಧ್ಯತೆಯಿತ್ತು. ಕೊಂಕಣದಲ್ಲಿ ಆ ಸಾಧ್ಯತೆಯನ್ನು ಆರಿಸಿಕೊಳ್ಳಲಿಲ್ಲ.

ಏಕೆ ತಾಯಿ? ಹೆಂಡತಿಯನ್ನು ಬಿಡಬಹುದು, ಇನ್ನೊಬ್ಬಳನ್ನು ತರಬಹುದು, ತಾಯಿಯನ್ನು ಬದಲಿಸಲಾಗದು. ತಂದೆಯ ಕುಲದಲ್ಲಿ ಮಗನ ಜಾತಿ, ಗೋತ್ರ, ಆಸ್ತಿಯ ಹಕ್ಕು ಎಲ್ಲವೂ ತಾಯಿಯ ನಡತೆಯ ಮೇಲೆ ನಿಂತಿರುತ್ತವೆ. ಭೂಮಿ, ಜಾತಿ, ಹೆಣ್ಣಿನ ಮೈಮೇಲಿನ ಹಿಡಿತ ಮೂರೂ ಒಂದಕ್ಕೊಂದು ಬಿಗಿದುಕೊಂಡಿರುವುದನ್ನು ಇತಿಹಾಸತಜ್ಞೆ ಉಮಾ ಚಕ್ರವರ್ತಿಯವರು 1993ರ ತಮ್ಮ ಲೇಖನದಲ್ಲಿ ಗ್ರಂಥಗಳ ಆಧಾರದಿಂದ ತೋರಿಸಿದರು. ಠಾಣೆಯ ಕಲ್ಲಿನಲ್ಲಿ ಆ ಬಿಗಿತ ಎರಡು ಪಟ್ಟಿಕೆಗಳ ಚಿತ್ರವಾಗಿ ಕಣ್ಣೆದುರಿಗೇ ಇದೆ. ತಾಯಿಯನ್ನು ಕೆಡಿಸಿದರೆ ಮಗ ಹುಟ್ಟಿನಿಂದಲೇ ಹಕ್ಕು ಕಳೆದುಕೊಳ್ಳುತ್ತಾನೆ. ನೆಲ ಕಸಿದವನಿಗೆ ನೆಲ ಹಿಡಿಯುವ ಅರ್ಹತೆಯೇ ಇಲ್ಲದಾಗುತ್ತದೆ. ತಾಯಿಗೆ ಪಟ್ಟ ದೊಡ್ಡದಾದಷ್ಟೂ ಈ ಶಾಪದ ಏಟು ದೊಡ್ಡದು. ನವಿಮುಂಬಯಿಗೆ ತಾಗಿದ ಉರಣ ಬಳಿಯ ಚಾಂಜೆಯಲ್ಲಿ ಒಂದನೆಯ ಅಪರಾದಿತ್ಯನ ಶಕ 1060ರ ಶಾಸನ ಸಿಕ್ಕಿದೆ. ಅಲ್ಲಿ ಅರಸ ದಾನ ಕೊಟ್ಟದ್ದು ತನ್ನ ತಾಯಿ ಲೀಲಾದೇವಿಯ ಶ್ರೇಯಸ್ಸಿಗಾಗಿ. ಅರಸನ ತಾಯಿಗೆ ಹೆಸರಿದೆ, ಪುಣ್ಯವಿದೆ. ಅದೇ ಮನೆತನದ ಕಲ್ಲಿನಲ್ಲಿ ಪ್ರಜೆಯ ತಾಯಿಗೆ ಹೆಸರೂ ಇಲ್ಲ, ತಪ್ಪೂ ಇಲ್ಲ, ಶಿಕ್ಷೆ ಮಾತ್ರ ಇದೆ.

ಶಾಪದ ಸರ್ವನಾಮವನ್ನೂ ಗಮನಿಸಬೇಕು. ‘ಯಾವನು’ ಎಂದೇ ಇದೆ. ದತ್ತಿಯನ್ನು ಮುರಿಯಬಲ್ಲವಳು ಒಬ್ಬ ಹೆಂಗಸೂ ಆಗಬಹುದು ಎಂಬ ಯೋಚನೆ ಅದರಲ್ಲಿಲ್ಲ. ನೆಲದ ಮೇಲೆ ಅಧಿಕಾರವಿದ್ದ ಹೆಂಗಸರೇ ಆ ಕಾಲದಲ್ಲಿ ಇರಲಿಲ್ಲವೇ? ಛಿತ್ತರಾಜನ ಸಮಕಾಲೀನಳಾಗಿ ಘಟ್ಟದ ಮೇಲೆ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಕಿಸುಕಾಡನ್ನು ಆಳುತ್ತಿದ್ದಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು, ರಣಭೈರವಿ ಎನಿಸಿಕೊಂಡವಳು. ಇನ್ನೂ ಸಾವಿರ ವರ್ಷ ಹಿಂದೆ, ಇದೇ ಸಾಷ್ಟಿಯ ಕಾನ್ಹೇರಿ ಗುಹೆಗಳಲ್ಲಿ ಕಲ್ಯಾಣದ ವರ್ತಕ ಕುಟುಂಬದವರ ಜೊತೆಗೆ ಉಪಾಸಿಕೆಯರೂ ಭಿಕ್ಷುಣಿಯರೂ ತಮ್ಮ ಹೆಸರಿನಲ್ಲೇ ಗುಹೆ, ನೀರಿನ ತೊಟ್ಟಿಗಳನ್ನು ಕೊಟ್ಟಿದ್ದಾರೆ. ಅಲ್ಲಿನ ದಾನಿ ನಾಗಮೂಲನಿಕೆಯನ್ನು ವಿದ್ವಾಂಸ ರ‍್ಯಾಪ್ಸನ್ ಬನವಾಸಿಯ ಚುಟು ಮನೆತನಕ್ಕೆ ಸೇರಿಸಿದರು. ಆಕೆ ಮಹಾರಾಜನ ಮಗಳು, ಮಹಾರಠಿಯ ಹೆಂಡತಿ, ಖಂದನಾಗಸಾತಕನ ತಾಯಿ ಎಂದು ಗಂಡಸರ ಮೂಲಕವೇ ಗುರುತಾಗಿದ್ದಾಳೆ, ನಿಜ. ಆದರೂ ಕೊಟ್ಟವಳು ಆಕೆ, ಕಲ್ಲಿನ ಮೇಲೆ ಹೆಸರು ಆಕೆಯದು. ದಾನದ ಬರಹವನ್ನೂ ಶಾಪದ ಬರಹವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಅವನತಿ’ ಎಂದು ಘೋಷಿಸುವುದು ನನ್ನ ಉದ್ದೇಶವಲ್ಲ. ಹೆಣ್ಣು ನೆಲದ ದಾಖಲೆಯಲ್ಲಿ ಕರ್ತೃವಾಗಿ ಬಂದ ಉದಾಹರಣೆ ಇದೇ ನೆಲದಲ್ಲಿ, ಇದೇ ನಾಡುಗಳ ನಡುವೆ ಇತ್ತು. ಶಾಪದ ವ್ಯಾಕರಣ ಅದನ್ನು ಅರಿಯದೆ ಬಿಡಲಿಲ್ಲ, ಬಿಡಬೇಕೆಂದೇ ಬಿಟ್ಟಿತು.

5

ಇನ್ನು ನಮ್ಮ ‘ಗಂಡ’ನಿಗೆ ಬರೋಣ. ‘ಮಲಗಲಗಂಡ’ ಎಂಬುದನ್ನು ‘ಮಲೆಗಳ ಗಂಡ’ ಎಂದು ಬಿಡಿಸಲು ನನಗೆ ಇಷ್ಟ. ಹೊಯ್ಸಳರ ‘ಮಲೆಪರೊಳ್ ಗಂಡ’ ಬೆನ್ನಿಗಿದೆ. ಬೇರೆ ಬಗೆಯಲ್ಲಿ ಬಿಡಿಸುವವರೊಂದಿಗೆ ಜಗಳವಿಲ್ಲ, ಏಕೆಂದರೆ ‘ಗಂಡ’ದ ಬಗ್ಗೆ ಅನುಮಾನವಿಲ್ಲ. ವೀರ, ಒಡೆಯ, ಪತಿ, ಮೂರಕ್ಕೂ ಕನ್ನಡದಲ್ಲಿ ಒಂದೇ ಪದ. ಇನ್ನೊಬ್ಬ ಗಂಡಸನ್ನು ಸೋಲಿಸಿದವನು ‘ಗಂಡರ ಗಂಡ’. ಅಂದರೆ ಸೋತವನು ಹೆಣ್ಣಿನ ಜಾಗಕ್ಕೆ ಇಳಿದ ಎಂದು ಬಿರುದೇ ಹೇಳುತ್ತದೆ. ಗೆಲುವನ್ನು ಹೇಳಲು ನಮ್ಮ ನುಡಿ ದಾಂಪತ್ಯದ ಏಣಿಯನ್ನು ಎರವಲು ಪಡೆಯಿತು. ಇದೇ ವೀರರು ‘ಪರನಾರೀ ಸಹೋದರ’ರೂ ಹೌದು. ಠಾಣೆಯ ಅರಸನಂತೂ ‘ಶರಣಾಗತವಜ್ರಪಂಜರ’, ಮರೆಹೊಕ್ಕವರಿಗೆ ವಜ್ರದ ಪಂಜರ. ಆ ಪಂಜರದೊಳಗೆ ಪ್ರಜೆಯ ತಾಯಿಗೆ ಜಾಗವಿದ್ದದ್ದು ಅವಳ ಮಗ ಅರಸನ ದತ್ತಿಗೆ ಬಾಗಿರುವ ತನಕ.

ತಾಮ್ರಪಟದ ಆರಂಭದಲ್ಲಿ ಕನ್ನಡದ ‘ಗಂಡ’, ಕಲ್ಲಿನ ಅಂತ್ಯದಲ್ಲಿ ಮರಾಠಿಯ ‘ತಾಯಿ’. ಒಂದೇ ಅರಸುತನದ ಬರವಣಿಗೆಯ ಎರಡು ತುದಿಗಳಿವು. ನಾವು ಮೊದಲ ತುದಿಯನ್ನು ಹಿಡಿದುಕೊಂಡೆವು, ಅವರು ಕೊನೆಯ ತುದಿಯನ್ನು. ಶಿಲಾಹಾರರು ಯಾರವರು ಎಂಬ ಹಗ್ಗಜಗ್ಗಾಟದಲ್ಲಿ ಎರಡು ತುದಿಗಳನ್ನು ಕೂಡಿಸಿ ಓದುವವರೇ ಇಲ್ಲವಾದರು. ಎರಡೂ ನುಡಿಗಳು ಬಾಳುವ ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡಿಗರು ಅದನ್ನು ಮಾಡದಿದ್ದರೆ ಇನ್ನು ಯಾರು ಮಾಡಬೇಕು? ಶಾಸನವೆಂದರೆ ಅರಸರ ತೇದಿಯಷ್ಟೇ ಅಲ್ಲ, ಜನರ ಬದುಕೂ ಹೌದು ಎಂದು ಚಿದಾನಂದಮೂರ್ತಿಯವರು 1966ರಲ್ಲೇ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಕಲಿಸಿಕೊಟ್ಟರು. ಆ ಪಾಠವನ್ನು ಶಾಪಾಶಯದ ಕೊನೆಯ ಸಾಲಿನವರೆಗೂ ಒಯ್ಯುವುದು ನಮ್ಮ ಪಾಲಿನ ಕೆಲಸ.

ಇದು ಹಳೆಯ ಕಲ್ಲಿನ ಮಾತು, ಈಗೇಕೆ ಎನ್ನುವವರಿಗೆ ಒಂದೇ ಸಂಗತಿ ಹೇಳಿ ಮುಗಿಸುತ್ತೇನೆ. ಶಿಲಾಹಾರರ ದತ್ತಿಗಳು ಹರಡಿದ್ದ ಠಾಣೆ, ಪನವೇಲ್, ಉರಣ ತಾಲೂಕುಗಳ ಊರುಗಳ ನೆಲ 1970ರಿಂದೀಚೆಗೆ ನವಿಮುಂಬಯಿಗಾಗಿ ಕೈ ಬದಲಾಯಿತು. ನೆಲದ ಬೆಲೆ ಏರಿದಂತೆ ಸಾತ್‌ಬಾರಾ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಯಾರದು ಎಂಬ ಪ್ರಶ್ನೆಯೂ ಏರಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಪಾಲು ಎಂದು ಮಹಾರಾಷ್ಟ್ರ 1994ರಲ್ಲಿ ಕಾಯಿದೆ ಮಾಡಿತು. ಕರ್ನಾಟಕದ ತಿದ್ದುಪಡಿಯೂ ಅದೇ ವರ್ಷ ಜಾರಿಗೆ ಬಂತು. 2005ರಲ್ಲಿ ಅದು ದೇಶದ ಕಾನೂನಾಯಿತು. ಆದರೂ ತಂದೆ ತೀರಿದ ಮೇಲೆ ವಾರಸುದಾರರ ಪಟ್ಟಿಯಲ್ಲಿ ಸೇರಿದ ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆತಂದು ಹಕ್ಕುಸೋಡ ಪತ್ರಕ್ಕೆ, ಅಂದರೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ, ಹೆಬ್ಬೆಟ್ಟು ಒತ್ತಿಸುವುದು ಈ ಭಾಗದಲ್ಲಿ ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ? ಅಣ್ಣತಮ್ಮಂದಿರ ಜೊತೆ ಸಂಬಂಧ ಕೆಡಬಾರದು, ತವರು ಬಾಗಿಲು ಮುಚ್ಚಬಾರದು ಎಂದು ಅವರೇ ಒಪ್ಪಿ ಒತ್ತುತ್ತಾರೆ. ನೆಲ ಗಂಡಸರ ನಡುವೆ ದಾಟುವ ಹೊತ್ತಿಗೆ ಹೆಣ್ಣನ್ನು ದಾಖಲೆಗೆ ಕರೆಯುವುದು ಇಂದಿಗೂ ಅವಳನ್ನು ಅದರಿಂದ ಬಿಡಿಸುವುದಕ್ಕೇ.

ಭಿವಂಡಿಯ ಗದ್ದೆಯ ಬದುವಿನಲ್ಲಿ ಕಂಡ ಕೈ ಅಂದಿನಿಂದ ನನ್ನನ್ನು ಬಿಟ್ಟುಹೋಗಿಲ್ಲ. ಮೂರು ಬಳೆಗಳ ಆ ಕೈಯನ್ನು ಭೂದೇವಿಯದು ಎಂದು ಕರೆದು ನಾವು ನಿರಾಳರಾಗಬಾರದು. ಪಾಠ ಹೇಳುವುದನ್ನೇ ನಾವೂ ಹೇಳಬೇಕು: ಅವಳು ಒಬ್ಬನ ತಾಯಿ. ಅವಳು ಯಾವ ನೆಲವನ್ನೂ ಕಸಿಯಲಿಲ್ಲ.